ಬ್ಯಾಟರಿ ತೆಗೆದ ಮೇಲೂ ಓಡುತ್ತದೆಯೇ?

ಪ್ರಶ್ನೆ: ನಮ್ಮ ಭಾವನವರಿಗೆ ಪರಿಚಯದವರೊಬ್ಬರು ‘ಕರೆಂಟೂ ಬೇಡ, ಡೀಸೆಲ್ಲೂ ಬೇಡ’ ಅನ್ನುವ ಜನರೇಟರ್ ತೋರಿಸಿದ್ದಾರೆ. ಬ್ಯಾಟರಿಯಿಂದ ಮೋಟಾರ್ ಶುರುವಾಗುತ್ತೆ, ಅದು ದೊಡ್ಡ ಕಬ್ಬಿಣದ ಗಾಲಿಯನ್ನು ತಿರುಗಿಸುತ್ತೆ, ಗಾಲಿಯಿಂದ ಆಲ್ಟರ್ನೇಟರ್ ತಿರುಗಿ ಬಲ್ಬ್ ಉರಿಯುತ್ತೆ, ಬ್ಯಾಟರಿಯೂ ತಾನೇ ಚಾರ್ಜ್ ಆಗುತ್ತೆ. ಮುಕ್ಕಾಲು ಗಂಟೆ ಓಡಿದ್ದನ್ನು ಕಣ್ಣಾರೆ ನೋಡಿದೆವು. ಎರಡು ಲಕ್ಷ ಕೊಟ್ಟರೆ ತೋಟದ 5 ಎಚ್‌ಪಿ ಬೋರ್‌ವೆಲ್ ಮೋಟಾರ್ ಓಡಿಸುವಂಥದ್ದು ಮಾಡಿಕೊಡುತ್ತಾರಂತೆ. ಇಂಜಿನಿಯರಿಂಗ್ ಓದುವ ಮಗ ‘ಅಸಾಧ್ಯ’ ಅನ್ನುತ್ತಾನೆ. ಭಾವ ‘ವಿಮಾನಾನೂ ಅಸಾಧ್ಯ ಅಂದಿದ್ರು, ವಿಜ್ಞಾನಾನೂ ಒಂದು ನಂಬಿಕೆಯೇ’ ಅನ್ನುತ್ತಾರೆ. ನಿಜಕ್ಕೂ ಅಸಾಧ್ಯ ಅನ್ನುವುದು ಒಂದಿದೆಯೇ?

ಉತ್ತರ: ಮೊದಲು ದುಡ್ಡಿನ ಮಾತು: ಕೊಡಬೇಡಿ. ಅಡ್ವಾನ್ಸ್ ಕೂಡ ಬೇಡ. ಇನ್ನು ಭಾವನವರ ಪ್ರಶ್ನೆ. ಅದು ತಳ್ಳಿಹಾಕುವಂಥದ್ದಲ್ಲ. ‘ಅಸಾಧ್ಯ’ ಎಂದು ಒಂದೇ ಪದ ಹೇಳಿ ಸುಮ್ಮನಾದ ಮಗನ ಉತ್ತರ ಸರಿಯೇ, ಆದರೆ ಅರ್ಧದ್ದು. ಆ ಪದವನ್ನು ನಾವು ಮೂರು ಬೇರೆ ಬೇರೆ ಅರ್ಥಗಳಲ್ಲಿ ಬಳಸುತ್ತೇವೆ. ಮೂರನ್ನೂ ಕಲಸಿಬಿಟ್ಟರೆ ವಿಮಾನವೂ ಈ ಜನರೇಟರೂ ಒಂದೇ ಸಾಲಿನಲ್ಲಿ ನಿಂತುಬಿಡುತ್ತವೆ.

ಒಂದನೆಯದು ಲೆಕ್ಕದ ಅಸಾಧ್ಯ. ಒಂದು ಚದುರಂಗದ ಮಣೆ ತೆಗೆದುಕೊಳ್ಳಿ, 64 ಮನೆ. ಎದುರುಬದುರು ಮೂಲೆಯ ಎರಡು ಮನೆಗಳನ್ನು ಕತ್ತರಿಸಿ ತೆಗೆಯಿರಿ, 62 ಉಳಿಯಿತು. ಸರಿಯಾಗಿ ಎರಡು ಮನೆ ಮುಚ್ಚುವಷ್ಟು ಉದ್ದದ 31 ರಟ್ಟಿನ ತುಂಡು ಮಾಡಿಕೊಂಡು ಇಡೀ ಮಣೆಯನ್ನು ಮುಚ್ಚಿ ನೋಡಿ. ಆಗುವುದಿಲ್ಲ. ಎಷ್ಟು ವರ್ಷ ಕೂತು ಜೋಡಿಸಿದರೂ ಆಗುವುದಿಲ್ಲ, ಅದನ್ನು ತಿಳಿಯಲು ಅಷ್ಟು ವರ್ಷ ಕೂರಬೇಕಾಗಿಯೂ ಇಲ್ಲ. ಎದುರುಬದುರು ಮೂಲೆಗಳು ಒಂದೇ ಬಣ್ಣದವು. ಎರಡೂ ಬಿಳಿ ಎಂದಿಟ್ಟುಕೊಳ್ಳಿ. ಉಳಿದದ್ದು 30 ಬಿಳಿ, 32 ಕಪ್ಪು. ಪ್ರತಿ ತುಂಡೂ ಅಕ್ಕಪಕ್ಕದ ಒಂದು ಬಿಳಿ, ಒಂದು ಕಪ್ಪು ಮನೆಯನ್ನೇ ಮುಚ್ಚುತ್ತದೆ. 30 ತುಂಡು ಇಡುವಷ್ಟರಲ್ಲಿ ಬಿಳಿ ಮುಗಿಯುತ್ತದೆ, ಕೊನೆಗೆ ಎರಡು ಕಪ್ಪು ಮನೆ ಬಾಯಿಬಿಟ್ಟುಕೊಂಡು ಕೂರುತ್ತವೆ. ಬರೀ ಗುರುತಿಲ್ಲದ ನೇರಪಟ್ಟಿ ಮತ್ತು ಕೈವಾರ ಹಿಡಿದು, ಯಾವ ಕೋನ ಕೊಟ್ಟರೂ ಮೂರು ಸಮಪಾಲು ಮಾಡುವುದು ಇದೇ ಜಾತಿಯ ಅಸಾಧ್ಯ. 1837ರಲ್ಲಿ ಫ್ರಾನ್ಸಿನ ಗಣಿತಜ್ಞ ಪಿಯೆರ್ ವಾಂಟ್ಸೆಲ್ ಅದು ಆಗದೆಂದು ಸಾಧಿಸಿ ತೋರಿಸಿದ. ಇಂಥದ್ದು ನಾಳೆಯೂ ಬದಲಾಗದು, ಬೇರೆ ಲೋಕದಲ್ಲೂ ಬದಲಾಗದು. ಹಾಗಾಗಿ ‘ಅಸಾಧ್ಯ ಅನ್ನೋದೇ ಇಲ್ಲ’ ಎಂಬ ಮಾತು ಇಲ್ಲಿಗೇ ಬಿದ್ದುಹೋಯಿತು.

ಎರಡನೆಯದು ‘ನಮ್ಮ ಕೈಯಲ್ಲಿ ಇನ್ನೂ ಆಗಿಲ್ಲ’ ಅನ್ನುವ ಅಸಾಧ್ಯ. ವಿಮಾನ ಇದರಲ್ಲಿ ಬರುತ್ತದೆ. 1896ರಲ್ಲಿ ವಿಮಾನಯಾನದ ಸಂಘವೊಂದಕ್ಕೆ ಸೇರಲು ಕರೆ ಬಂದಾಗ ಬ್ರಿಟನ್ನಿನ ಹೆಸರಾಂತ ಭೌತವಿಜ್ಞಾನಿ ಲಾರ್ಡ್ ಕೆಲ್ವಿನ್ ಒಲ್ಲೆ ಎಂದು ಕಾಗದ ಬರೆದ. ಬಲೂನು ಬಿಟ್ಟು ಬೇರೆ ಬಗೆಯ ಹಾರಾಟದಲ್ಲಿ ತನಗೆ ಎಳ್ಳಷ್ಟೂ ನಂಬಿಕೆಯಿಲ್ಲ ಎಂಬುದು ಅದರ ಸಾರ. ಗಮನಿಸಿ, ಆತ ಹೇಳಿದ್ದು ‘ನಂಬಿಕೆಯಿಲ್ಲ’ ಎಂದು. ಯಾವ ನಿಯಮವನ್ನೂ ಆತ ತೋರಿಸಲಿಲ್ಲ. ತೋರಿಸಲು ಇರಲೂ ಇಲ್ಲ: ಗಾಳಿಗಿಂತ ಭಾರವಾದ ಹದ್ದು, ಕೊಕ್ಕರೆ ಆಗಲೇ ತಲೆಯ ಮೇಲೆ ಹಾರಾಡುತ್ತಿದ್ದವು, ಜರ್ಮನಿಯಲ್ಲಿ ಓಟೊ ಲಿಲಿಯೆಂಟಾಲ್ ಗ್ಲೈಡರ್ ಕಟ್ಟಿಕೊಂಡು ಗುಡ್ಡದಿಂದ ತೇಲಿ ಇಳಿದಿದ್ದ. ಕೊರತೆಯಿದ್ದದ್ದು ಹಗುರವಾದ, ಬಲವಾದ ಎಂಜಿನ್ ಮತ್ತು ಹಾರುವಾಗ ಹಿಡಿತ. 1903ರ ಡಿಸೆಂಬರ್ 17ರಂದು ರೈಟ್ ಸೋದರರು 12 ಸೆಕೆಂಡಿನಲ್ಲಿ 120 ಅಡಿ ಹಾರಿದಾಗ ಕೆಲ್ವಿನ್ನನ ಅಭಿಪ್ರಾಯ ಬಿತ್ತು. ನಿಸರ್ಗದ ನಿಯಮ ಒಂದೂ ಮುರಿಯಲಿಲ್ಲ. ದೊಡ್ಡ ವಿಜ್ಞಾನಿ ಹೇಳಿದ ಎಂಬುದೇ ಆಧಾರವಾದರೆ ಅದು ವಿಜ್ಞಾನವಲ್ಲ ಎಂದು ಭಾವನವರು ವಾದಿಸಿದರೆ ನಾವು ಪೂರ್ತಿ ಅವರ ಪಕ್ಷ.

ಮೂರನೆಯದೇ ನಿಮ್ಮ ಜನರೇಟರಿನದು. ಶಕ್ತಿಯ ಪಾಸ್‌ಬುಕ್ಕಿನಲ್ಲಿ ಜಮಾ ಇಲ್ಲದೆ ಖರ್ಚು ಮಾಡುತ್ತೇನೆ ಅನ್ನುವುದು. ಅದು ಏಕೆ ಆಗದು ಎನ್ನುವುದಕ್ಕೆ 1918ರಲ್ಲಿ ಎಮ್ಮಿ ನ್ಯೋದರ್ ಎಂಬ ಗಣಿತಜ್ಞೆ ಕೊಟ್ಟ ಕಾರಣ ಇದು: ನಿಸರ್ಗದ ನಿಯಮಗಳು ನಿನ್ನೆ ಹೇಗಿದ್ದವೋ ಇವತ್ತೂ ಹಾಗೇ ಇದ್ದರೆ, ಶಕ್ತಿಯ ಮೊತ್ತ ಬದಲಾಗುವಂತಿಲ್ಲ. ಮನೆಯ ನೀರಿನ ಟ್ಯಾಂಕಿನಿಂದ ಹೇಳುವುದಾದರೆ, ಸಾವಿರ ಲೀಟರ್ ನೀರನ್ನು 10 ಮೀಟರ್ ಎತ್ತರಕ್ಕೆ ಏರಿಸಲು 98,000 ಜೌಲ್ ಬೇಕು, ಅಂದರೆ ಸುಮಾರು 0.027 ಯೂನಿಟ್. ಕೆಳಗಿಳಿಸಿದರೆ ಹೆಚ್ಚೆಂದರೆ ಅಷ್ಟೇ ವಾಪಸ್. ಸೋಮವಾರ ಭೂಮಿಯ ಸೆಳೆತ ಕಮ್ಮಿ, ಮಂಗಳವಾರ ಜಾಸ್ತಿ ಎಂದಿದ್ದರೆ ಮಾತ್ರ ಸೋಮವಾರ ಏರಿಸಿ ಮಂಗಳವಾರ ಇಳಿಸಿ ಲಾಭ ಹೊಡೆಯಬಹುದಿತ್ತು. ಹಾಗಾಗಿ ಪುಕ್ಕಟೆ ಜನರೇಟರ್ ನಿಜವಾಗಬೇಕಾದರೆ ನಿಮ್ಮ ತೋಟದ ಶೆಡ್ಡಿನಲ್ಲಿ ಸೋಮವಾರದ ನಿಯಮ ಬೇರೆ, ಮಂಗಳವಾರದ್ದು ಬೇರೆ ಆಗಬೇಕು. (ಇಡೀ ವಿಶ್ವ ಹಿಗ್ಗುತ್ತಿರುವುದರಿಂದ ಅಷ್ಟು ದೊಡ್ಡ ಅಳತೆಯಲ್ಲಿ ಈ ಲೆಕ್ಕ ಬೇರೆ ರೂಪ ತಾಳುತ್ತದೆ. ಮಗ ಅದನ್ನು ಎತ್ತಿದರೆ ಅವನು ಸರಿ. ಆದರೆ ಗೆಲಾಕ್ಸಿಗಳ ನಡುವಿನ ಆ ಸೂಕ್ಷ್ಮ ಬೋರ್‌ವೆಲ್‌ನಿಂದ ನೀರೆತ್ತುವುದಿಲ್ಲ.)

ಈಗ ನೀವು ಕಂಡ ಯಂತ್ರದ ಹೊಟ್ಟೆಗೆ ಇಳಿಯೋಣ. ಬ್ಯಾಟರಿಯಿಂದ 100 ಪಾಲು ಶಕ್ತಿ ಹೊರಟಿತು ಎನ್ನಿ. ಇನ್ವರ್ಟರ್ ದಾಟುವಾಗ 85 ಉಳಿಯುತ್ತದೆ. ಸಿಂಗಲ್ ಫೇಸ್ ಸಣ್ಣ ಮೋಟಾರಿನ ದಕ್ಷತೆ ಶೇ 75 ಸಿಕ್ಕರೆ ಪುಣ್ಯ; ಅಲ್ಲಿಗೆ 64. ಬೆಲ್ಟು ಶೇ 5 ತಿನ್ನುತ್ತದೆ, 61. ಕಾರಿನ ಆಲ್ಟರ್ನೇಟರ್ ಶೇ 60ರಷ್ಟು, 36. ಲೆಡ್-ಆಸಿಡ್ ಬ್ಯಾಟರಿ ತನ್ನೊಳಗೆ ತುಂಬಿಸಿದ್ದರಲ್ಲಿ ಶೇ 80ರಷ್ಟನ್ನೇ ಹಿಂದಿರುಗಿಸುತ್ತದೆ, 29. ಬಲ್ಬಿಗೆ ಒಂದು ಚೂರೂ ಕೊಡದೆ ಒಂದು ಸುತ್ತು ಬರುವಷ್ಟರಲ್ಲಿ ನೂರು ಇಪ್ಪತ್ತೊಂಬತ್ತಾಯಿತು. ಐದೂ ಭಾಗಗಳನ್ನು ದೇವಶಿಲ್ಪಿಯೇ ಮಾಡಿ ಒಂದೊಂದಕ್ಕೂ ಶೇ 99 ದಕ್ಷತೆ ಕೊಟ್ಟ ಅನ್ನಿ, ಆಗಲೂ ಉಳಿಯುವುದು 95. ಆದ್ದರಿಂದ ‘ಇನ್ನೂ ಒಳ್ಳೆ ಬೇರಿಂಗ್ ಹಾಕ್ತೀವಿ’ ಅನ್ನುವುದು ಉತ್ತರವಲ್ಲ. ಸೋರಿಕೆ ಪೂರ್ತಿ ನಿಂತರೂ ನೂರಕ್ಕೆ ನೂರು, ನೂರಕ್ಕೆ ನೂರಹತ್ತು ಆಗದು.

‘ಹಾಗಾದರೆ ಆ ದೊಡ್ಡ ಗಾಲಿ?’ ನೋಡಿದವರು ಮರುಳಾಗುವುದು ಅಲ್ಲೇ. ಗಾಲಿ ಶಕ್ತಿಯನ್ನು ಹುಟ್ಟಿಸುವುದಿಲ್ಲ, ಇಟ್ಟುಕೊಳ್ಳುತ್ತದೆ; ಇಟ್ಟುಕೊಳ್ಳುವುದೂ ಬಹಳ ಸ್ವಲ್ಪ. 50 ಕಿಲೋ ತೂಕದ, 60 ಸೆಂ.ಮೀ. ಅಗಲದ ಗಟ್ಟಿ ಚಕ್ರ ನಿಮಿಷಕ್ಕೆ 1500 ಸುತ್ತು ತಿರುಗುತ್ತಿದ್ದರೆ ಅದರಲ್ಲಿರುವುದು ಸುಮಾರು 27,800 ಜೌಲ್. 100 ವಾಟ್ ಬಲ್ಬನ್ನು ನಾಲ್ಕೂವರೆ ನಿಮಿಷ ಉರಿಸಬಹುದು. ನಿಮ್ಮ 5 ಎಚ್‌ಪಿ ಬೋರ್‌ವೆಲ್ ಮೋಟಾರ್ ಎಳೆಯುವುದು ಸುಮಾರು 5 ಕಿಲೋವಾಟ್. ಅದನ್ನು ಐದೂವರೆ ಸೆಕೆಂಡ್ ಓಡಿಸಬಹುದು. ಅಂದಹಾಗೆ ಆ ಗಾಲಿಯ ಅಂಚು ಗಂಟೆಗೆ 170 ಕಿ.ಮೀ. ವೇಗದಲ್ಲಿ ತಿರುಗುತ್ತಿರುತ್ತದೆ. ಜಾಲರಿ ಇಲ್ಲದೆ ಓಡಿಸುತ್ತಿದ್ದರೆ ಲುಂಗಿ, ಟವೆಲು, ಸೆರಗು ಹತ್ತಿರ ಒಯ್ಯಬೇಡಿ, ಮಕ್ಕಳನ್ನು ಶೆಡ್ಡಿಗೇ ಬಿಡಬೇಡಿ.

ಮುಕ್ಕಾಲು ಗಂಟೆಯ ರಹಸ್ಯ ಇನ್ನೂ ಸರಳ. 12 ವೋಲ್ಟ್, 150 ಆಂಪ್-ಅವರ್ ಬ್ಯಾಟರಿಯಲ್ಲಿ 1.8 ಯೂನಿಟ್ ಇರುತ್ತದೆ. 500 ವಾಟ್ ಎಳೆದರೂ ಸೋರಿಕೆಯೆಲ್ಲ ಕಳೆದು ಒಂದೂವರೆ–ಎರಡು ಗಂಟೆ ಓಡುತ್ತದೆ. ಮುಕ್ಕಾಲು ಗಂಟೆಗೆ ನಿಲ್ಲಿಸಿ ಕಾಫಿಗೆ ಕರೆದದ್ದು ಮರ್ಯಾದೆಗೆ ಮಾತ್ರ ಅಲ್ಲ. ‘ನೋಡಿ ಸಾರ್, ಇಷ್ಟು ಓಡಿದ ಮೇಲೂ 13.8 ವೋಲ್ಟ್ ತೋರಿಸ್ತಾ ಇದೆ’ ಅನ್ನುತ್ತಾರೆ. ಆಲ್ಟರ್ನೇಟರ್ ಜೋಡಿಸಿರುವಾಗ ಮೀಟರ್ ತೋರಿಸುವುದು ಚಾರ್ಜಿಂಗ್ ವೋಲ್ಟೇಜು. ಬ್ಯಾಟರಿಯಲ್ಲಿ ಎಷ್ಟು ಉಳಿದಿದೆ ಎಂಬುದಲ್ಲ. ನಿಲ್ಲಿಸಿ ಸ್ವಲ್ಪ ಹೊತ್ತು ಬಿಟ್ಟರೂ ದಣಿದ ಬ್ಯಾಟರಿಯ ವೋಲ್ಟೇಜ್ ತಾನಾಗಿ ಕೊಂಚ ಏರುತ್ತದೆ. ನಿಜ ತಿಳಿಯಬೇಕಾದರೆ ಬ್ಯಾಟರಿ ಅಂಗಡಿಯ ಹೈಡ್ರೋಮೀಟರ್ ತನ್ನಿ. ಆಸಿಡ್ಡಿನ ಸಾಂದ್ರತೆ 1.265ರ ಆಸುಪಾಸು ಇದ್ದರೆ ಪೂರ್ತಿ ಚಾರ್ಜು, 1.200ಕ್ಕೆ ಇಳಿದಿದ್ದರೆ ಸರಿಸುಮಾರು ಅರ್ಧ ಖಾಲಿ. ಓಡಿಸುವ ಮೊದಲೂ, ಓಡಿಸಿ ಒಂದೆರಡು ಗಂಟೆ ಬಿಟ್ಟ ಮೇಲೂ ಆರೂ ಸೆಲ್ಲುಗಳಲ್ಲಿ ನೋಡಿ ಬರೆದುಕೊಳ್ಳಿ.

ಅಯಸ್ಕಾಂತದ ಹೆಸರು ಬಂದರೂ ಇದೇ ಕಥೆ. ಅಯಸ್ಕಾಂತ ಹತ್ತಿರ ಬರುವಾಗ ಎಳೆದು ಕೊಟ್ಟದ್ದನ್ನು ದೂರ ಹೋಗುವಾಗ ಹಿಡಿದು ಕಿತ್ತುಕೊಳ್ಳುತ್ತದೆ; ಒಂದು ಸುತ್ತಿನ ಕೊನೆಗೆ ಸೊನ್ನೆ. ಒಂದು ಕಿಲೋ ನಿಯೋಡೈಮಿಯಂ ಅಯಸ್ಕಾಂತದ ಒಳಗೆ ಕೂಡಿಟ್ಟ ಶಕ್ತಿ ಹತ್ತಾರು ಜೌಲ್ ಅಷ್ಟೇ, ಎಲ್ಲವನ್ನೂ ಹಿಂಡಿದರೂ 10 ವಾಟ್ ಎಲ್‌ಇಡಿ ಕೆಲವೇ ಸೆಕೆಂಡು ಉರಿದೀತು.

ತಾನೇ ತಿರುಗುವ ಚಕ್ರದ ಆಸೆ ನಮ್ಮಲ್ಲಿ ಹಳೆಯದು, ದಡ್ಡರದ್ದೂ ಅಲ್ಲ. ಭಾಸ್ಕರಾಚಾರ್ಯ 1150ರ ಸಿದ್ಧಾಂತ ಶಿರೋಮಣಿಯ ಯಂತ್ರಾಧ್ಯಾಯದಲ್ಲಿ ಟೊಳ್ಳು ಅರಗಳ ಚಕ್ರವೊಂದನ್ನು ವಿವರಿಸುತ್ತಾನೆ: ಅರಗಳಿಗೆ ಅರ್ಧ ಪಾದರಸ ತುಂಬಿ ಬಾಯಿ ಮುಚ್ಚಿದರೆ ಚಕ್ರ ತಾನಾಗಿ ತಿರುಗುತ್ತದೆ ಎಂದು. ಇದನ್ನು ಮನೆಯಲ್ಲೇ ಮಾಡಿ ನೋಡಬಹುದು. ಹಳೆಯ ಸೈಕಲ್ ಚಕ್ರವನ್ನು ಅಚ್ಚಿನ ಮೇಲೆ ನಿಲ್ಲಿಸಿ, ರಿಮ್ಮಿಗೆ ಒಂದೇ ಅಂತರದಲ್ಲಿ ಎಂಟು ಅರ್ಧ ಲೀಟರ್ ಬಾಟಲಿಗಳನ್ನು ಒಂದೇ ದಿಕ್ಕಿಗೆ ಓರೆಯಾಗಿ ಕಟ್ಟಿ, ಒಂದೊಂದರಲ್ಲೂ ಕಾಲು ಲೀಟರ್ ನೀರು. ಇಳಿಯುವ ಕಡೆ ನೀರು ಹೊರಗೆ ಸರಿಯುತ್ತದೆ, ಏರುವ ಕಡೆ ಒಳಗೆ ಸರಿಯುತ್ತದೆ. ಸನ್ನೆಯ ಲೆಕ್ಕದಲ್ಲಿ ಇಳಿಯುವ ಕಡೆಯೇ ಗೆಲ್ಲಬೇಕು ಅನ್ನಿಸುತ್ತದೆ. ತಳ್ಳಿ ಬಿಡಿ. ನಾಲ್ಕು ಸುತ್ತು ಸುತ್ತಿ, ಆಚೀಚೆ ತೂಗಿ ನಿಲ್ಲುತ್ತದೆ. ಅಚ್ಚಿನಿಂದ ದೂರ ಇರುವ ಕಡೆ ನೀರಿನ ಪಾಲು ಕಮ್ಮಿ, ಹತ್ತಿರ ಇರುವ ಕಡೆ ಹೆಚ್ಚು. ದೂರದಿಂದ ಬಂದ ಲಾಭವನ್ನು ತೂಕ ನುಂಗುತ್ತದೆ, ಒಟ್ಟು ಭಾರದ ಕೇಂದ್ರ ಅಚ್ಚಿನ ನೇರ ಕೆಳಗೆ ಬಂದು ಕೂರುತ್ತದೆ. ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿ ಇಂಥ ಅರ್ಜಿಗಳಿಂದ ರೋಸಿ, 1775ರಲ್ಲಿ ಇನ್ನು ಮುಂದೆ ನಿತ್ಯಚಲನ ಯಂತ್ರಗಳನ್ನು ಪರಿಶೀಲಿಸುವುದೇ ಇಲ್ಲ ಎಂದು ನಿರ್ಧರಿಸಿತು.

‘ನೋಡದೇ ತಿರಸ್ಕರಿಸಿದರಲ್ಲ, ಇದು ನಂಬಿಕೆಯಲ್ಲದೆ ಏನು?’ ಎಂದು ಭಾವ ಹಿಡಿದಾರು. ನ್ಯಾಯವಾದ ಪಟ್ಟು. ಆದರೆ ಇದೇ ಶಕ್ತಿ ನಿಯಮವನ್ನು ವಿಜ್ಞಾನಿಗಳೇ ಬಿಟ್ಟುಕೊಡಲು ತಯಾರಾಗಿದ್ದ ಕಾಲವೊಂದಿತ್ತು. ಕೆಲವು ವಿಕಿರಣಶೀಲ ಪರಮಾಣುಗಳು ಎಲೆಕ್ಟ್ರಾನ್ ಉಗುಳುವಾಗ ಲೆಕ್ಕ ತಾಳೆಯಾಗುತ್ತಿರಲಿಲ್ಲ. ಪ್ರತಿ ಸಲವೂ ಒಂದಿಷ್ಟು ಶಕ್ತಿ ಕಾಣೆ. ನೀಲ್ಸ್ ಬೋರ್‌ನಂಥ ದೊಡ್ಡ ಭೌತವಿಜ್ಞಾನಿಯೇ ಪರಮಾಣುವಿನೊಳಗೆ ಈ ನಿಯಮ ಸರಾಸರಿಯಲ್ಲಷ್ಟೇ ನಿಜವಿರಬಹುದು ಎಂದ. 1930ರಲ್ಲಿ ಇನ್ನೊಬ್ಬ ಭೌತವಿಜ್ಞಾನಿ ವೋಲ್ಫ್‌ಗಾಂಗ್ ಪೌಲಿ ಬೇರೆ ದಾರಿ ಹಿಡಿದ: ಕಣ್ಣಿಗೆ ಬೀಳದ ಕಣವೊಂದು ಆ ಶಕ್ತಿಯನ್ನು ಹೊತ್ತೊಯ್ಯುತ್ತಿದೆ. ಇಲ್ಲಿಯವರೆಗೆ ಅದೂ ಒಂದು ಊಹೆ, ಬೇಕಾದರೆ ನಂಬಿಕೆ ಎನ್ನಿ. ಮುಂದಿನದು ಬೇರೆ. ಆ ಕಣ ನಿಜವಾಗಿದ್ದರೆ ಎಲ್ಲಿ, ಹೇಗೆ, ಎಷ್ಟು ಸಲ ಸಿಕ್ಕಿಬೀಳಬೇಕು ಎಂದು ಲೆಕ್ಕ ಹಾಕಿದರು, ಅಣುಸ್ಥಾವರದ ಪಕ್ಕದಲ್ಲಿ ಬಲೆ ಹಾಕಿ ಕೂತರು. 1956ರಲ್ಲಿ ನ್ಯೂಟ್ರಿನೊ ಸಿಕ್ಕಿತು. ಸಿಗದೇ ಹೋಗಿದ್ದರೆ ನಿಯಮವೇ ಕಟಕಟೆಯಲ್ಲಿ ನಿಲ್ಲುತ್ತಿತ್ತು.

ಅದೇ ನ್ಯೂಟ್ರಿನೊ 2011ರಲ್ಲಿ ಮತ್ತೊಂದು ಗದ್ದಲ ಎಬ್ಬಿಸಿತು. ಜಿನೀವಾ ಬಳಿಯ ಕಣಭೌತ ಪ್ರಯೋಗಾಲಯ ಸರ್ನ್‌ನಿಂದ 730 ಕಿ.ಮೀ. ದೂರದ ಇಟಲಿಯ ಗ್ರಾನ್ ಸಾಸೊಗೆ ಹೊರಟ ಕಣಗಳು ಬೆಳಕಿಗಿಂತ 60 ನ್ಯಾನೊಸೆಕೆಂಡ್ ಮೊದಲೇ ತಲುಪಿದವು ಎಂದು ‘ಆಪೆರಾ’ ತಂಡದ ಗಡಿಯಾರ ತೋರಿಸಿತು. ಬೆಳಕಿಗಿಂತ ವೇಗವಾಗಿ ಯಾವುದೂ ಹೋಗದು ಎನ್ನುತ್ತದೆ ಭೌತಶಾಸ್ತ್ರ. ಆ ತಂಡದವರು ಅಸಾಧ್ಯ ಎಂದು ಬಚ್ಚಿಡಲಿಲ್ಲ, ಸಾಧಿಸಿಬಿಟ್ಟೆವು ಎಂದು ಡಂಗುರವನ್ನೂ ಹೊಡೆಯಲಿಲ್ಲ. ನಮಗೆ ತಪ್ಪು ಸಿಗುತ್ತಿಲ್ಲ, ನೀವೂ ಹುಡುಕಿ ಎಂದು ಎಲ್ಲವನ್ನೂ ಹರವಿಟ್ಟರು. 2012ರಲ್ಲಿ ತಪ್ಪು ಸಿಕ್ಕಿತು: ಗಡಿಯಾರದ ಜಾಲದ ಒಂದು ಆಪ್ಟಿಕಲ್ ಫೈಬರ್ ಕನೆಕ್ಟರ್ ಸರಿಯಾಗಿ ಕೂತಿರಲಿಲ್ಲ. ಒಂದು ಸಡಿಲ ವೈರು! ನಮ್ಮೂರ ಎಲೆಕ್ಟ್ರಿಷಿಯನ್ ಮೊದಲು ನೋಡುವ ಜಾಗ.

ವ್ಯತ್ಯಾಸ ಅಲ್ಲಿದೆ. ‘ಹೀಗಾದರೆ ನನ್ನ ಮಾತು ಸುಳ್ಳು’ ಎಂದು ಮೊದಲೇ ಹೇಳಿ, ಅದನ್ನು ಪರೀಕ್ಷಿಸಲು ಎದುರಾಳಿಯ ಕೈಗೇ ಯಂತ್ರ ಕೊಡುವುದು ವಿಜ್ಞಾನ. ಸೋತಾಗಲೆಲ್ಲ ಹೊಸ ಸಬೂಬು ಹುಟ್ಟುತ್ತಿದ್ದರೆ ಅದು ಆ ಜಾತಿಯದಲ್ಲ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು 1976ರಲ್ಲಿ ಪವಾಡಗಳ ಪರಿಶೀಲನೆಗೆ ಸಮಿತಿ ಮಾಡಿದಾಗ ಕೇಳಿದ್ದೂ ಇಷ್ಟೇ: ಪರೀಕ್ಷಿಸುವವರ ಷರತ್ತಿನಲ್ಲಿ ಮಾಡಿ ತೋರಿಸಿ.

ಹಾಗೆಂದು ಎಲ್ಲ ನಂಬಿಕೆಯನ್ನೂ ಮೀಟರಿಗೆ ಜೋಡಿಸಬೇಕಿಲ್ಲ. ಕೊಂಡ ಹಾಯುವುದನ್ನೇ ನೋಡಿ. ಕಾಲು ಏಕೆ ಸುಡಲಿಲ್ಲ ಎಂಬುದು ಭೌತಶಾಸ್ತ್ರ: ಇದ್ದಿಲು ಬಿಸಿಯನ್ನು ನಿಧಾನವಾಗಿ ದಾಟಿಸುತ್ತದೆ, ಒಂದೊಂದು ಹೆಜ್ಜೆ ತಾಗುವುದು ಅರೆಕ್ಷಣ. ಅದೇ ಬಿಸಿಯ ಕಬ್ಬಿಣದ ತಗಡಿನ ಮೇಲೆ ಯಾವ ಭಕ್ತಿಯೂ ಕಾಪಾಡದು. ಕೆಂಡ ಬೆರಳ ಸಂದಿಗೆ ಸಿಕ್ಕಿದರೆ, ನಡುವೆ ಮುಗ್ಗರಿಸಿದರೆ ಸುಟ್ಟೇ ಸುಡುತ್ತದೆ. ಏಕೆ ಹಾಯುತ್ತಾರೆ ಎಂಬುದು ಹರಕೆ, ಊರು, ಮನಸ್ಸಿನ ವಿಷಯ. ಅದಕ್ಕೆ ಥರ್ಮಾಮೀಟರ್ ಉತ್ತರ ಕೊಡುವುದಿಲ್ಲ, ಕೊಡಬೇಕಾಗಿಯೂ ಇಲ್ಲ. ಜನರೇಟರ್ ಮಾತ್ರ ಹರಕೆಯಲ್ಲ. ಎರಡು ಲಕ್ಷಕ್ಕೆ ಇಷ್ಟು ಯೂನಿಟ್ ಎಂದು ಮಾರುವ ಸರಕು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಬದಲು, ಎತ್ತನ್ನು ಒಮ್ಮೆ ನೋಡಬೇಕು.

ಹೇಗೆ ನೋಡುವುದು? ವಾದ ಬೇಡ, ಪರೀಕ್ಷೆಗೆ ಒಪ್ಪಿಸಿ. ಯಂತ್ರ ನಿಮ್ಮ ಜಾಗಕ್ಕೆ ಬರಲಿ. ಅವರ ಶೆಡ್ಡಿನ ನೆಲದಡಿ ಯಾವ ವೈರ್ ಓಡಿದೆಯೋ ಯಾರು ಬಲ್ಲರು. ನಾಲ್ಕು ಇಟ್ಟಿಗೆಯ ಮೇಲೆ ಹಲಗೆ ಹಾಕಿ, ಅದರ ಮೇಲೆ ಯಂತ್ರ. ಅರ್ಥಿಂಗ್ ವೈರ್ ಸೇರಿದಂತೆ ಹೊರಗಿನ ಒಂದು ತಂತಿಯೂ ಇರಕೂಡದು, ಮುಚ್ಚಿದ ಪೆಟ್ಟಿಗೆ ಇರಕೂಡದು. ಬ್ಯಾಟರಿಯಿಂದ ಶುರು ಮಾಡಲಿ, ವೇಗಕ್ಕೆ ಬಂದ ಮೇಲೆ ಬ್ಯಾಟರಿಯನ್ನು ಕಳಚಿ ಪಕ್ಕಕ್ಕಿಡಿ. ತಾನೇ ಚಾರ್ಜ್ ಮಾಡಿಕೊಳ್ಳುವ ಯಂತ್ರಕ್ಕೆ ಅದರ ಹಂಗೇಕೆ? ‘ಬ್ಯಾಟರಿ ಇಲ್ಲದಿದ್ರೆ ವೋಲ್ಟೇಜ್ ಏರುಪೇರಾಗುತ್ತೆ ಸಾರ್’ ಎಂದರೆ ಅದೂ ಸುಳ್ಳಲ್ಲ. ಬದಲಿಗೆ ಒಂದು ಫ್ಯಾರಡ್ ಕೆಪಾಸಿಟರ್ (ಕೊಂಚವೇ ಚಾರ್ಜು ಹಿಡಿದು ವೋಲ್ಟೇಜನ್ನು ಸಮವಾಗಿಡುವ ಬಿಡಿಭಾಗ) ಹಾಕಿಕೊಳ್ಳಲು ಬಿಡಿ. 24 ವೋಲ್ಟಿಗೆ ಅದು ಹಿಡಿಯುವುದು 288 ಜೌಲ್, 100 ವಾಟ್ ಬಲ್ಬಿಗೆ ಮೂರು ಸೆಕೆಂಡಿಗೂ ಸಾಲದು. ಬಹುಪಾಲು ಯಂತ್ರಗಳು ಈ ಹಂತ ದಾಟುವುದಿಲ್ಲ. ಐದು ನಿಮಿಷದೊಳಗೆ ಗಾಲಿಯ ಸದ್ದು ಇಳಿಯತೊಡಗುತ್ತದೆ.

ದಾಟಿದರೆ ಲೋಡ್ ಹಾಕಿ. ಲೋಡಿಗೆ ಖಾಲಿ ತಿರುಗುವ ಮೋಟಾರ್ ಒಪ್ಪಬೇಡಿ. ಅದು 230 ವೋಲ್ಟಿನಲ್ಲಿ 4 ಆಂಪ್ಸ್ ತೋರಿಸಬಹುದು. ಗುಣಿಸಿದರೆ 920 ಬರುತ್ತದೆ, ನಿಜವಾಗಿ ತಿನ್ನುವುದು ಅದರ ಕಾಲುಭಾಗದಷ್ಟೇ ಇರಬಹುದು. ಪವರ್ ಫ್ಯಾಕ್ಟರ್ (ವೋಲ್ಟ್-ಆಂಪ್ ಗುಣಿಸಿ ಬಂದದ್ದರಲ್ಲಿ ನಿಜವಾಗಿ ಖರ್ಚಾಗುವ ಪಾಲು) ಮರೆತ ಈ ಗುಣಾಕಾರದಿಂದಲೇ ಎಷ್ಟೋ ‘ಹೆಚ್ಚುವರಿ ಶಕ್ತಿ’ ಹುಟ್ಟಿದೆ. ಅಗ್ಗದ ಕ್ಲ್ಯಾಂಪ್ ಮೀಟರುಗಳು ಇನ್ವರ್ಟರಿನ ಮುರುಕು ಅಲೆಗಳನ್ನು ತಪ್ಪಾಗಿಯೇ ಓದುತ್ತವೆ. ಯಾವ ಅಲೆಗೂ ಮೋಸಹೋಗದ ಮೀಟರ್ ನಿಮ್ಮ ಬಚ್ಚಲಲ್ಲೇ ಇದೆ: ನೀರು ಕಾಯಿಸುವ ಕಾಯಿಲ್. 1000 ವಾಟ್ ಕಾಯಿಲನ್ನು 10 ಲೀಟರ್ ನೀರಿಗೆ ಇಳಿಬಿಟ್ಟರೆ 25 ಡಿಗ್ರಿಯಿಂದ 65ಕ್ಕೆ ಏರಲು ಸುಮಾರು 28 ನಿಮಿಷ ಬೇಕು, 0.465 ಯೂನಿಟ್. ಬಕೆಟ್ಟಿನ ಪಕ್ಕ ಸೋರಿಹೋಗುವ ಬಿಸಿ ಸೇರಿಸಿ ಅರ್ಧ ಗಂಟೆ ಅನ್ನಿ. ಒಂದು ಬಕೆಟ್ ಕಾದರೆ ಚೆಲ್ಲಿ ಇನ್ನೊಂದು ಇಡಿ, ಎಷ್ಟಾಯಿತೆಂದು ಗೋಡೆಯ ಮೇಲೆ ಗೀಟು ಹಾಕುತ್ತ ಹೋಗಿ. (ಸ್ವಿಚ್ ಆರಿಸದೆ ನೀರಿಗೆ ಕೈ ಅದ್ದಬೇಡಿ, ಈ ಪರೀಕ್ಷೆಯಲ್ಲಿ ಅರ್ಥಿಂಗ್ ಬೇರೆ ಇಲ್ಲ.)

ಎಷ್ಟು ದಿನ? ಗುಟ್ಟಾಗಿ ಬಚ್ಚಿಟ್ಟ ಅತಿ ಒಳ್ಳೆಯ ಬ್ಯಾಟರಿಯೂ ಖಾಲಿಯಾಗುವಷ್ಟು. ಲಿಥಿಯಂ ಸೆಲ್ಲು ಕಿಲೋಗೆ ಸುಮಾರು 0.25 ಯೂನಿಟ್ ಹಿಡಿಯುತ್ತದೆ. ಯಂತ್ರದ ಒಟ್ಟು ತೂಕ 100 ಕಿಲೋ ಇದ್ದು, ಅಷ್ಟೂ ಬ್ಯಾಟರಿಯೇ ಎಂದುಕೊಂಡರೂ 25 ಯೂನಿಟ್. 1000 ವಾಟಿಗೆ ಅದು 25 ಗಂಟೆಯ ಅನ್ನ. ಹಾಗಾಗಿ ಹಗಲೂ ರಾತ್ರಿ ಮೂರು ದಿನ, ನಿಮ್ಮವರೇ ಪಾಳಿಯ ಮೇಲೆ ಕಾವಲು. ಏನಾದರೆ ಸೋಲು ಎಂಬುದನ್ನು ಮೊದಲೇ ಛಾಪಾ ಕಾಗದದ ಮೇಲೆ ಬರೆಸಿ, ಇಬ್ಬರೂ ಸಹಿ ಹಾಕಿ. ಬೆಲ್ಟ್ ಸಡಿಲವಾಯಿತು, ಸೆಟ್ಟಿಂಗ್ ತಪ್ಪಿತು, ಕಂಪನಿ ಸೀಕ್ರೆಟ್ ಎಂಬ ಮಾತುಗಳಿಗೆ ಆಮೇಲೆ ಜಾಗವಿರಬಾರದು. ಮೂರು ದಿನ ನೀರು ಕಾದರೆ ಎರಡರ ಬದಲು ನಾಲ್ಕು ಲಕ್ಷ ಕೊಡುತ್ತೇವೆ ಎಂದು ಭಾವನವರು ಧೈರ್ಯವಾಗಿ ಹೇಳಬಹುದು. ನಿಮ್ಮ ಮಗನೂ ಆಗ ತನ್ನ ‘ಅಸಾಧ್ಯ’ವನ್ನು ವಾಪಸ್ ತೆಗೆದುಕೊಳ್ಳಬೇಕಾಗುತ್ತದೆ.

ಪೇಟೆಂಟ್ ಇದೆ ಎಂದು ಕಾಗದ ತೋರಿಸಿದರೆ ಅದು ಅರ್ಜಿ ಸಂಖ್ಯೆಯೋ, ಮಂಜೂರಾದ ಸಂಖ್ಯೆಯೋ ನೋಡಿ. ಅರ್ಜಿಯನ್ನು ಯಾರು ಬೇಕಾದರೂ ಹಾಕಬಹುದು, ಅದು ಪ್ರಕಟವೂ ಆಗುತ್ತದೆ, ಮಂಜೂರಾತಿ ಬೇರೆ. 1970ರ ಭಾರತದ ಪೇಟೆಂಟ್ ಕಾಯ್ದೆಯ 3(ಎ) ವಿಧಿ, ಸ್ಥಾಪಿತ ನಿಸರ್ಗ ನಿಯಮಗಳಿಗೆ ಸ್ಪಷ್ಟವಾಗಿ ವಿರುದ್ಧವಾದದ್ದನ್ನು ಆವಿಷ್ಕಾರ ಎಂದೇ ಒಪ್ಪುವುದಿಲ್ಲ. ಪೇಟೆಂಟ್ ಕಚೇರಿಯ ಜಾಲತಾಣದಲ್ಲಿ ಸಂಖ್ಯೆ ಹಾಕಿ ಸ್ಥಿತಿ ನೋಡಲು ದುಡ್ಡು ಬೇಕಿಲ್ಲ. ಪತ್ರಿಕೆಯ ತುಣುಕು, ಗಣ್ಯರೊಡನೆ ಫೋಟೊ ಇವನ್ನು ಲೆಕ್ಕಕ್ಕೇ ಹಿಡಿಯಬೇಡಿ. 1996ರಲ್ಲಿ ನೀರಿಗೆ ಗಿಡಮೂಲಿಕೆ ಹಾಕಿ ಪೆಟ್ರೋಲ್ ಮಾಡುತ್ತೇನೆ ಎಂದು ತಮಿಳುನಾಡಿನಲ್ಲಿ ಹೊರಟ ಪ್ರಕರಣಕ್ಕೂ ಬೇಕಾದಷ್ಟು ಪ್ರಚಾರ ಸಿಕ್ಕಿತ್ತು. 2016ರಲ್ಲಿ ಚೆನ್ನೈನ ನ್ಯಾಯಾಲಯ ಅದರಲ್ಲಿ ವಂಚನೆಗೆ ಶಿಕ್ಷೆ ವಿಧಿಸಿತು.

ಕರೆಂಟ್ ಬಿಲ್ಲಿಲ್ಲದೆ ತೋಟಕ್ಕೆ ನೀರು ಬೇಕು ಎಂಬುದೇ ಭಾವನವರ ನಿಜವಾದ ಆಸೆಯಾದರೆ ಅದು ಅಸಾಧ್ಯದ ಪಟ್ಟಿಯಲ್ಲಿ ಇಲ್ಲವೇ ಇಲ್ಲ. ನಡುಹಗಲಿನ ಬಿಸಿಲು ಚದರ ಮೀಟರಿಗೆ ಸುಮಾರು 1000 ವಾಟ್ ಸುರಿಯುತ್ತದೆ, ಪ್ಯಾನೆಲ್ಲು ಅದರಲ್ಲಿ ಐದನೇ ಒಂದು ಪಾಲು ಹಿಡಿಯುತ್ತದೆ. 5 ಎಚ್‌ಪಿ ಸೋಲಾರ್ ಪಂಪಿಗೆ 5 ಕಿಲೋವಾಟಿನ ಆಸುಪಾಸು ಪ್ಯಾನೆಲ್ ಸಾಕು. ಅಲ್ಲಿ ಪಾಸ್‌ಬುಕ್ಕಿನಲ್ಲಿ ಜಮಾ ಮಾಡುವವನು ಯಾರೆಂದು ಎಲ್ಲರಿಗೂ ಕಾಣುತ್ತದೆ. ಮೋಡ ಕವಿದ ದಿನ, ಸಂಜೆ ಐದರ ಮೇಲೆ ನೀರು ಬಾರದು; ಮಾರುವವರು ಅದನ್ನೂ ಹೇಳಿದರೆ ಅವರ ಜೊತೆ ಮಾತು ಮುಂದುವರಿಸಬಹುದು.

ಅಕಸ್ಮಾತ್ ಅಡ್ವಾನ್ಸ್ ಕೊಟ್ಟಾಗಿದ್ದರೆ ರಸೀದಿ, ಬ್ಯಾಂಕಿನ ವಿವರ, ವಾಟ್ಸ್ಯಾಪ್ ಮಾತು, ಡೆಮೊದ ವಿಡಿಯೊ ಎಲ್ಲವನ್ನೂ ಎತ್ತಿಟ್ಟುಕೊಂಡು, ಬಾಕಿ ಹಣ ತಡೆಹಿಡಿದು, ಹಿಂದಿರುಗಿಸಲು ಲಿಖಿತವಾಗಿ ಕೇಳಿ. ಬಗ್ಗದಿದ್ದರೆ ಹತ್ತಿರದ ಠಾಣೆಯಲ್ಲಿ ದೂರು ಕೊಡಿ. ಆನ್‌ಲೈನ್‌ನಲ್ಲಿ ಕಳಿಸಿ ಮೋಸಹೋದದ್ದಾದರೆ ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ.